ಹೆಸರು ಜರ್ಮನ್, ತವರು ನಮ್ಮ ಕಡೆ: ಜಿರಳೆಯ ಎರಡು ಸಾವಿರ ವರ್ಷದ ಕಥೆ

ಕಳೆದ ಮಳೆಗಾಲದಲ್ಲಿ ನಮ್ಮ ತಂಡದವರೊಬ್ಬರ ಊರಿಗೆ ಹೋಗಿದ್ದೆವು. ಅವರ ಅಡುಗೆಮನೆಯ ಮೂಲೆಯಲ್ಲಿ ಹತ್ತಿ ಹೊಲಕ್ಕೆ ತಂದಿದ್ದ ಔಷಧಿಯ ಬಾಟಲಿ ಕಂಡಿತು. ಇಲ್ಲಿ ಯಾಕೆ ಎಂದು ಕೇಳಿದೆವು. "ಜಿರಳೆಗೆ ಹೊಡೀತೀವಪ್ಪಾ, ಅಂಗಡಿ ಸ್ಪ್ರೇಗೆ ಅವು ಸಾಯಲ್ಲ" ಎಂದರು ಅವರ ತಾಯಿ. ಅದೇ ನೆಲದ ಮೇಲೆ ಮೊಮ್ಮಗು ಅಂಬೆಗಾಲಿಡುತ್ತಿತ್ತು.

ಅಂಗಡಿಯ ಸ್ಪ್ರೇಗೆ ಯಾಕೆ ಸಾಯುವುದಿಲ್ಲ? ಉತ್ತರ ಜಿರಳೆಯ ಇತಿಹಾಸದಲ್ಲಿದೆ.

ನಮ್ಮ ಮನೆಗಳಲ್ಲಿ ಮುಖ್ಯವಾಗಿ ಕಾಣುವುದು ಎರಡು ಬಗೆ. ಬಚ್ಚಲು, ಚರಂಡಿಯಿಂದ ಬರುವ ಕೆಂಗಂದು ಬಣ್ಣದ ದೊಡ್ಡದು ಒಂದು. ಇದಕ್ಕೆ 'ಅಮೆರಿಕನ್ ಜಿರಳೆ' ಎಂದು ಹೆಸರು. ಆದರೆ ಇದರ ಮೂಲ ಆಫ್ರಿಕಾ. ಹಡಗುಗಳಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಹೆಸರು ಪಡೆಯಿತು. ಇನ್ನೊಂದು ಚಿಕ್ಕದು, ಒಂದೂವರೆ ಸೆಂಟಿಮೀಟರ್ ಉದ್ದ. ಕುತ್ತಿಗೆಯ ಮೇಲೆ ಎರಡು ಕಪ್ಪು ಗೆರೆ ಇರುತ್ತವೆ. ಫ್ರಿಜ್ ಹಿಂದೆ, ಮಿಕ್ಸಿ ಕೆಳಗೆ, ಸಿಂಕ್ ಸಂದಿಯಲ್ಲಿ ಸಂಸಾರ ಹೂಡುವುದು ಇದೇ. ಇದರ ಹೆಸರು 'ಜರ್ಮನ್ ಜಿರಳೆ'.

ಈ ಹೆಸರನ್ನು 1767ರಲ್ಲಿ ಇಟ್ಟವರು ಸ್ವೀಡನ್ನಿನ ವಿಜ್ಞಾನಿ ಲಿನೇಯಸ್. ಆಗಷ್ಟೇ ಯುರೋಪಿನಲ್ಲಿ ಏಳು ವರ್ಷಗಳ ಯುದ್ಧ ಮುಗಿದಿತ್ತು. ರಷ್ಯನ್ನರು ಈ ಹುಳವನ್ನು 'ಪ್ರಷ್ಯದವ' ಎಂದು ಕರೆದರು. ಜರ್ಮನಿಯ ಕೆಲವು ಕಡೆ ಜನ ಅದನ್ನೇ 'ರಷ್ಯದವ' ಎಂದರು. ಯಾರಿಗೂ ಅದು ತಮ್ಮದಾಗಿರಲಿಲ್ಲ.

ನಿಜವಾದ ತವರು ಗೊತ್ತಾದದ್ದು 2024ರಲ್ಲಿ. ವಿಜ್ಞಾನಿಗಳು 17 ದೇಶಗಳ 281 ಜಿರಳೆಗಳ ವಂಶವಾಹಿ ಪರೀಕ್ಷಿಸಿದರು. ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್ ಭಾಗದಲ್ಲಿ, ಬಯಲಲ್ಲಿ ಬದುಕುತ್ತಿದ್ದ ಏಷ್ಯಾದ ಜಿರಳೆಯಿಂದ ಇದು ಬೇರೆಯಾಯಿತು ಎಂದು ಕಂಡುಕೊಂಡರು. ಆ ಬಯಲಿನ ಜಿರಳೆ ಇಂದಿಗೂ ದೀಪದ ಕಡೆ ಹಾರಿ ಬರುತ್ತದೆ. ಮನೆ ಸೇರಿದ್ದು ಹಾರುವುದನ್ನು ಬಿಟ್ಟಿತು, ಬೆಳಕು ಕಂಡರೆ ಓಡುತ್ತದೆ. ಸುಮಾರು 1,200 ವರ್ಷಗಳ ಹಿಂದೆ ವ್ಯಾಪಾರಿಗಳು ಮತ್ತು ಸೈನ್ಯಗಳ ಜೊತೆ ಅದು ಪಶ್ಚಿಮಕ್ಕೆ ಹೊರಟಿತು. ಆಮೇಲೆ ಯುರೋಪಿನ ಹಡಗು ಹತ್ತಿ ಜಗತ್ತೆಲ್ಲ ಸುತ್ತಿತು. ಅಂದರೆ ಅದನ್ನು ಊರೂರಿಗೆ ಹೊತ್ತು ತಂದವರು ಮನುಷ್ಯರೇ. ಇವತ್ತೂ ಅಷ್ಟೇ: ಸಂತೆಯ ರಟ್ಟಿನ ಡಬ್ಬ, ಹಳೆ ಫ್ರಿಜ್ಜು, ಗೋಣಿಚೀಲದ ಜೊತೆ ಬರುತ್ತದೆ.

ಇನ್ನು ವಿಷದ ಕಥೆ. 1939ರಲ್ಲಿ ಡಿಡಿಟಿ ಹುಳ ಕೊಲ್ಲುತ್ತದೆ ಎಂದು ತಿಳಿಯಿತು. ಜಿರಳೆಯ ಕಾಲ ಮುಗಿಯಿತು ಎಂದುಕೊಂಡರು. ಆದರೆ 1950ರ ದಶಕದ ಆರಂಭದಲ್ಲೇ ಅಮೆರಿಕದ ಟೆಕ್ಸಾಸ್‌ನಲ್ಲಿ ಕ್ಲೋರ್ಡೇನ್ ಎಂಬ ವಿಷಕ್ಕೆ ಸಾಯದ ಜಿರಳೆಗಳು ಸಿಕ್ಕವು. ಮುಂದೆ ಸಿಹಿ ಬೆರೆಸಿದ ವಿಷದ ಆಹಾರ ಬಂತು. 1993ರ ಹೊತ್ತಿಗೆ ಗ್ಲೂಕೋಸ್ ಮುಟ್ಟದ ಜಿರಳೆಗಳು ಕಂಡವು. ಅವುಗಳ ನಾಲಿಗೆಗೆ ಸಿಹಿಯೇ ಕಹಿ ಎಂದು 2013ರಲ್ಲಿ ಗೊತ್ತಾಯಿತು. ಪ್ರತಿ ಸಲ ನಡೆದದ್ದು ಇಷ್ಟೆ: ನೂರರಲ್ಲಿ ತೊಂಬತ್ತೆಂಟು ಸತ್ತರೂ ಉಳಿದ ಎರಡರ ಮಕ್ಕಳು ಮನೆ ತುಂಬುತ್ತವೆ. ಒಂದು ಮೊಟ್ಟೆಚೀಲದಲ್ಲಿ 30ರಿಂದ 40 ಮೊಟ್ಟೆ. ಮರಿ ಹೊರಬರುವ ತನಕ ತಾಯಿ ಚೀಲವನ್ನು ಹೊತ್ತೇ ತಿರುಗುತ್ತದೆ.

ಹಾಗಾಗಿ ವಿಷ ಜೋರು ಮಾಡುವುದರಿಂದ ಗೆಲುವಿಲ್ಲ. ಹೊಲದ ಔಷಧಿ ಪಾತ್ರೆ, ನೆಲ, ಮಗುವಿನ ಕೈಗೆ ಅಂಟುತ್ತದೆ. ದಯವಿಟ್ಟು ಮನೆಯೊಳಗೆ ಬೇಡ. ಹಾಗಂತ ಜಿರಳೆಯನ್ನು ಸುಮ್ಮನೆ ಬಿಡುವಂತೆಯೂ ಇಲ್ಲ. ಅದರ ಹಿಕ್ಕೆ, ಕಳಚಿದ ಪೊರೆಯಿಂದ ಮಕ್ಕಳಿಗೆ ಅಲರ್ಜಿ, ಅಸ್ತಮಾ ಬರಬಹುದು.

ಮಾಡಬೇಕಾದದ್ದು ಇದು. ರಾತ್ರಿ ದೀಪ ಆರಿಸಿ ಸ್ವಲ್ಪ ಹೊತ್ತಾದ ಮೇಲೆ ಮೊಬೈಲ್ ಟಾರ್ಚ್ ಹಾಕಿ ನೋಡಿ. ಮೆಣಸಿನ ಪುಡಿಯಂಥ ಕಪ್ಪು ಹಿಕ್ಕೆ ಎಲ್ಲಿದೆಯೋ ಅಲ್ಲೇ ಅವುಗಳ ಬೀಡು. ಮಲಗುವ ಮುನ್ನ ಮುಸುರೆ ತೊಳೆದು ಸಿಂಕ್ ಒಣಗಿಸಿ. ಊಟವಿಲ್ಲದೆ ವಾರಗಟ್ಟಲೆ ಇರುವ ಜಿರಳೆಗೆ ನೀರಿಲ್ಲದಿದ್ದರೆ ಅಷ್ಟು ದಿನ ಆಗದು. ಬಿರುಕಿಗೆ ಸಿಮೆಂಟ್ ಮೆತ್ತಿ. ಬಚ್ಚಲಿನ ತೂತಿಗೆ ಜಾಲರಿ ಹಾಕಿ.

ಕೇರಂ ಬೋರ್ಡಿಗೆ ಹಾಕುವ ಬೋರಿಕ್ ಪೌಡರ್ ಹಳೆಯ ಮದ್ದು. ಒಣಗಿದ ಸಂದಿಯಲ್ಲಿ ತೆಳ್ಳಗೆ ಉದುರಿಸಿದರೆ ಸಾಕು. ಅದರ ಮೇಲೆ ನಡೆದ ಜಿರಳೆ ಕಾಲು ನೆಕ್ಕಿಕೊಂಡು ಸಾಯುತ್ತದೆ. ರಾಶಿ ಹಾಕಿದರೆ ಸುತ್ತಿ ಹೋಗುತ್ತದೆ. ಇದೂ ವಿಷವೇ, ಮಕ್ಕಳಿಗೂ ಆಹಾರಕ್ಕೂ ದೂರವಿರಲಿ. ಅಂಗಡಿಯ ಜೆಲ್ ಹಚ್ಚುವುದಾದರೆ ಅದೇ ಜಾಗಕ್ಕೆ ಸ್ಪ್ರೇ ಹೊಡೆಯಬೇಡಿ, ಆಗ ಜಿರಳೆ ಜೆಲ್ ತಿನ್ನುವುದಿಲ್ಲ. ಕೆಲವು ತಿಂಗಳಿಗೊಮ್ಮೆ ಬೇರೆ ಔಷಧಿಯ ಜೆಲ್ ತನ್ನಿ. ಒಂದು ಸಲಕ್ಕೆ ನಿಲ್ಲಿಸಬೇಡಿ, ಉಳಿದ ಮೊಟ್ಟೆ ಒಡೆಯಲು ತಿಂಗಳು ಬೇಕು.

ಆ ತಾಯಿಗೂ ಇದನ್ನೇ ಹೇಳಿದೆವು. ಬಾಟಲಿಯನ್ನು ಅಂದೇ ಹೊಲದ ಶೆಡ್ಡಿಗೆ ಸಾಗಿಸಿದರು. ನಿಮ್ಮ ಅಡುಗೆಮನೆಯಲ್ಲೂ ಅಂಥದ್ದೊಂದು ಇದೆಯೇ, ಒಮ್ಮೆ ನೋಡಿ.