ತಂತ್ರಾಂಶ ಚೌರ್ಯ: ನಕಲಿನಿಂದ ಅಧಿಕೃತ ಪರವಾನಗಿಯತ್ತ

ಹಣ ತೆತ್ತು ಕೊಂಡ ಪುಸ್ತಕದ ಪ್ರತಿ ಕೊಂಡವನ ಸ್ವತ್ತು. ತಂತ್ರಾಂಶದ ಸಂಗತಿ ಹಾಗಲ್ಲ. ಇಲ್ಲಿ ಗ್ರಾಹಕನಿಗೆ ಸಾಮಾನ್ಯವಾಗಿ ದೊರೆಯುವುದು ಒಡೆತನವಲ್ಲ. ನಿಗದಿತ ಷರತ್ತುಗಳಿಗೆ ಒಳಪಟ್ಟು ಅದನ್ನು ಬಳಸುವ ಪರವಾನಗಿ ಮಾತ್ರ. ಆ ಪರವಾನಗಿಯನ್ನು ಮೀರಿ ತಂತ್ರಾಂಶವನ್ನು ನಕಲು ಮಾಡುವುದು, ಮಾರುವುದು ಅಥವಾ ಗಣಕಯಂತ್ರಕ್ಕೆ ಅಳವಡಿಸುವುದನ್ನು ತಂತ್ರಾಂಶ ಚೌರ್ಯವೆಂದು ಕರೆಯಲಾಗುತ್ತದೆ.

ಈ ಚೌರ್ಯಕ್ಕೆ ಹಲವು ಮುಖಗಳಿವೆ. ಮೂಲದಂತೆಯೇ ತೋರುವ ನಕಲಿ ಸಿಡಿ ಮಾರುವುದು ಒಂದು ಬಗೆ. ಒಂದು ಯಂತ್ರಕ್ಕೆಂದು ಕೊಂಡ ಪರವಾನಗಿಯಲ್ಲಿ ಕಚೇರಿಯ ಹತ್ತು ಯಂತ್ರಗಳನ್ನು ನಡೆಸುವುದು ಇನ್ನೊಂದು. ಬಿಡಿಭಾಗಗಳನ್ನು ಜೋಡಿಸಿಕೊಡುವ ವರ್ತಕ ಗಿರಾಕಿಯನ್ನು ಒಲಿಸಿಕೊಳ್ಳಲು ವಿಂಡೋಸ್, ಆಫೀಸ್‌ಗಳನ್ನು ‘ಉಚಿತವಾಗಿ’ ತುಂಬಿಕೊಡುವುದು ಮತ್ತೊಂದು. ಈ ಕೊನೆಯ ಬಗೆಯಲ್ಲಿ ತಾನು ನಕಲನ್ನು ಬಳಸುತ್ತಿರುವ ಸಂಗತಿ ಗಿರಾಕಿಗೆ ತಿಳಿಯದೇ ಇರಬಹುದು.

ತಂತ್ರಾಂಶ ತಯಾರಕರ ಒಕ್ಕೂಟವಾದ ಬಿಎಸ್‌ಎ ಅಂದಾಜಿನಂತೆ, 2004ರಲ್ಲಿ ಭಾರತದ ಗಣಕಯಂತ್ರಗಳಿಗೆ ಅಳವಡಿಸಲಾದ ತಂತ್ರಾಂಶಗಳಲ್ಲಿ ಶೇ. 74ರಷ್ಟು ಪರವಾನಗಿರಹಿತವಾಗಿದ್ದವು. 2011ರಲ್ಲಿ ಈ ಪ್ರಮಾಣ ಶೇ. 63ಕ್ಕೂ, 2017ರಲ್ಲಿ ಶೇ. 56ಕ್ಕೂ ಇಳಿಯಿತು. 2017ರ ಜಾಗತಿಕ ಪ್ರಮಾಣ ಶೇ. 37.

ಕಾನೂನು ಏನು ಹೇಳುತ್ತದೆ?

1957ರ ಹಕ್ಕುಸ್ವಾಮ್ಯ ಕಾಯ್ದೆಯು ಗಣಕ ತಂತ್ರಾಂಶವನ್ನು ಸಾಹಿತ್ಯ ಕೃತಿಯ ವ್ಯಾಪ್ತಿಗೆ ಸೇರಿಸಿದೆ. ಮಾರುವವನಷ್ಟೇ ಅಲ್ಲ, ತಿಳಿದೂ ನಕಲು ಪ್ರತಿಯನ್ನು ಗಣಕಯಂತ್ರದಲ್ಲಿ ಬಳಸುವವನೂ 63ಬಿ ವಿಧಿಯಂತೆ ಅಪರಾಧಿ. ಕನಿಷ್ಠ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ ಮತ್ತು 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡಕ್ಕೆ ಅವಕಾಶವಿದೆ. ಬಳಕೆಯು ವ್ಯಾಪಾರಕ್ಕಾಗಿ ಅಥವಾ ಲಾಭಕ್ಕಾಗಿ ಆಗಿರದಿದ್ದಲ್ಲಿ, ನ್ಯಾಯಾಲಯವು ಸೂಕ್ತ ಕಾರಣಗಳನ್ನು ದಾಖಲಿಸಿ ಸೆರೆವಾಸವನ್ನು ಕೈಬಿಟ್ಟು 50 ಸಾವಿರ ರೂಪಾಯಿಗಳವರೆಗಿನ ದಂಡವನ್ನಷ್ಟೇ ವಿಧಿಸಬಹುದು. ಹೀಗಾಗಿ ಮನೆಯ ಬಳಕೆದಾರನಿಗಿಂತ ಸಣ್ಣ ಮುದ್ರಣಾಲಯ, ಡಿಟಿಪಿ ಕೇಂದ್ರ, ಲೆಕ್ಕಪತ್ರ ಕಚೇರಿಗಳ ಮಾಲೀಕರಿಗೆ ಅಪಾಯ ಹೆಚ್ಚು.

ಬೆದರಿಕೆಯ ಮಿತಿ

ಬಳಕೆದಾರರನ್ನು ಅಧಿಕೃತ ಪರವಾನಗಿಯತ್ತ ತಿರುಗಿಸಲು ನಡೆದ ಅತಿ ದೊಡ್ಡ ಯತ್ನಗಳಲ್ಲಿ ಮೈಕ್ರೋಸಾಫ್ಟ್‌ನ ‘ವಿಂಡೋಸ್ ಜೆನ್ಯೂಯಿನ್ ಅಡ್ವಾಂಟೇಜ್’ ಒಂದು. 2004ರಲ್ಲಿ ಪ್ರಾಯೋಗಿಕವಾಗಿ ಆರಂಭಗೊಂಡ ಈ ತಪಾಸಣೆ, 2005ರ ಜುಲೈನಿಂದ ಸಂಸ್ಥೆಯ ಬಹುತೇಕ ಡೌನ್‌ಲೋಡ್‌ಗಳಿಗೆ ಕಡ್ಡಾಯವಾಯಿತು. ಭದ್ರತಾ ನವೀಕರಣಗಳನ್ನು ಮಾತ್ರ ನಕಲು ಪ್ರತಿಗಳಿಗೂ ಒದಗಿಸಲಾಯಿತು. ಅರಿಯದೆ ನಕಲಿ ಎಕ್ಸ್‌ಪಿ ಕೊಂಡವರು ಆ ಸಿಡಿ, ರಸೀದಿ ಹಾಗೂ ಮಾರಿದವರ ವಿವರ ಒಪ್ಪಿಸಿದರೆ ಅಸಲಿ ಪ್ರತಿಯನ್ನು ಉಚಿತವಾಗಿ ಪಡೆಯುವ ಅವಕಾಶವೂ ಇತ್ತು.

ನಂತರದ ಹೆಜ್ಜೆಗಳು ಕಠಿಣವಾದವು. 2007ರ ಆರಂಭದಲ್ಲಿ ಮಾರುಕಟ್ಟೆಗೆ ಬಂದ ವಿಸ್ತಾದಲ್ಲಿ, ಸಕ್ರಿಯಗೊಳಿಸದ ಪ್ರತಿಯು ಒಂದು ಗಂಟೆ ಕಾಲ ಬ್ರೌಸರ್ ಬಳಸಲು ಬಿಟ್ಟು ಬಳಕೆದಾರನನ್ನು ಹೊರಹಾಕುತ್ತಿತ್ತು. ಆದರೆ ಅದೇ ವರ್ಷದ ಆಗಸ್ಟ್‌ನಲ್ಲಿ ತಪಾಸಣಾ ಸರ್ವರ್‌ಗಳ ದೋಷದಿಂದ ಸುಮಾರು 19 ಗಂಟೆಗಳ ಕಾಲ ಹಣ ಕೊಟ್ಟು ಕೊಂಡವರ ಸಾವಿರಾರು ಪ್ರತಿಗಳೂ ನಕಲಿಯೆಂದು ಗುರುತಿಸಲ್ಪಟ್ಟವು. 2008ರಲ್ಲಿ ವಿಸ್ತಾದ ಮೊದಲ ಸರ್ವಿಸ್ ಪ್ಯಾಕ್ ಈ ನಿರ್ಬಂಧವನ್ನು ತೆಗೆದುಹಾಕಿ, ಎಚ್ಚರಿಕೆಯ ಸಂದೇಶಗಳಿಗೆ ಸೀಮಿತಗೊಳಿಸಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಚೀನಾದಲ್ಲಿ ನಕಲು ಎಕ್ಸ್‌ಪಿಯ ಪರದೆ ಗಂಟೆಗೊಮ್ಮೆ ಕಪ್ಪಾಗುವ ವ್ಯವಸ್ಥೆ ಜಾರಿಗೆ ಬಂದಾಗ ಬಳಕೆದಾರರು ರೊಚ್ಚಿಗೆದ್ದರು.

ಅದೇ ಅವಧಿಯಲ್ಲಿ ಅದೇ ದೇಶದಲ್ಲಿ ಸಂಸ್ಥೆ ಇನ್ನೊಂದು ದಾರಿಯನ್ನೂ ಹಿಡಿದಿತ್ತು. ಮನೆ ಹಾಗೂ ವಿದ್ಯಾರ್ಥಿಗಳ ಆಫೀಸ್ ಆವೃತ್ತಿಯ ಬೆಲೆಯನ್ನು 699 ಯುವಾನ್‌ನಿಂದ 199 ಯುವಾನ್‌ಗೆ ಇಳಿಸಿತು. ಅಸಲಿಯ ಬೆಲೆ ಕೈಗೆಟುಕದಿದ್ದರೆ ಉಪದೇಶವಾಗಲೀ ಬೆದರಿಕೆಯಾಗಲೀ ಸಾಲದೆಂಬುದನ್ನು ತಯಾರಕರೇ ಒಪ್ಪಿಕೊಂಡಂತಾಯಿತು. ಮುಂದೆ ತಿಂಗಳು ಅಥವಾ ವರ್ಷದ ಚಂದಾ ಪದ್ಧತಿ ವ್ಯಾಪಕವಾಯಿತು.

ನಕಲಿನ ನಿಜವಾದ ಬೆಲೆ

ನಕಲು ಪ್ರತಿ ಅಗ್ಗವೆಂಬುದು ಅರ್ಧಸತ್ಯ. ಬೀಗ ಮುರಿಯಲು ಬಳಸುವ ‘ಕ್ರ್ಯಾಕ್’ ಕಡತಗಳಲ್ಲಿ ಕುತಂತ್ರಾಂಶ ಅಡಗಿರುವುದುಂಟು. ಸಿಕ್ಕಿಬೀಳುವ ಭಯದಿಂದ ನವೀಕರಣವನ್ನೇ ನಿಲ್ಲಿಸಿದರೆ ಯಂತ್ರಕ್ಕೆ ರಕ್ಷಣೆ ಇರದು. 2017ರ ಮೇ ತಿಂಗಳಲ್ಲಿ ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಯಂತ್ರಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿದ ‘ವನ್ನಾಕ್ರೈ’ ಬಳಸಿಕೊಂಡ ದೋಷಕ್ಕೆ ಎರಡು ತಿಂಗಳ ಮೊದಲೇ ಪರಿಹಾರ ಬಿಡುಗಡೆಯಾಗಿತ್ತು. ನವೀಕರಿಸದ ಯಂತ್ರಗಳು ಬಲಿಯಾದವು.

ಬದಲಾವಣೆಯ ದಾರಿ

ಸಣ್ಣ ಕಚೇರಿಯೊಂದು ಮೊದಲು ಮಾಡಬೇಕಾದುದು ಪಟ್ಟಿ: ಯಾವ ಯಂತ್ರದಲ್ಲಿ ಯಾವ ತಂತ್ರಾಂಶವಿದೆ, ಅದಕ್ಕೆ ರಸೀದಿ ಮತ್ತು ಪರವಾನಗಿ ಇವೆಯೇ, ಅದು ನಿಜಕ್ಕೂ ಬೇಕೇ? ಬೇಡವಾದುದನ್ನು ತೆಗೆದುಹಾಕಿದರೆ ಕೊಳ್ಳಬೇಕಾದ ಪರವಾನಗಿಗಳ ಸಂಖ್ಯೆ ತಗ್ಗುತ್ತದೆ. ಹೊಸ ಯಂತ್ರ ಕೊಳ್ಳುವಾಗ ಕಾರ್ಯಾಚರಣೆ ವ್ಯವಸ್ಥೆಯ ಹೆಸರು ಬಿಲ್ಲಿನಲ್ಲಿ ನಮೂದಾಗಿದೆಯೇ ಎಂದು ನೋಡುವುದು ಒಳಿತು.

ಪತ್ರ, ಲೆಕ್ಕದ ಹಾಳೆಗಳಿಗೆ 2010ರಲ್ಲಿ ರೂಪುಗೊಂಡ ಲಿಬ್ರೆಆಫೀಸ್, ಚಿತ್ರಗಳಿಗೆ ಜಿಂಪ್, ಪುಟವಿನ್ಯಾಸಕ್ಕೆ ಸ್ಕ್ರೈಬಸ್ ಉಚಿತವಾಗಿ ಲಭ್ಯ. ಲಿನಕ್ಸ್‌ನಂತಹ ಮುಕ್ತ ತಂತ್ರಾಂಶಗಳ ಪರವಾನಗಿಯು ನಕಲು ಮಾಡಿ ಹಂಚುವುದನ್ನೇ ಅನುಮತಿಸುತ್ತದೆ. ಕನ್ನಡ ಬೆರಳಚ್ಚಿಗೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಉಚಿತವಾಗಿ ದೊರೆಯುತ್ತದೆ. ಆದರೆ ಹಳೆಯ ಕಡತಗಳು ಹೊಸ ತಂತ್ರಾಂಶದಲ್ಲಿ ಯಥಾವತ್ತಾಗಿ ತೆರೆಯದಿರಬಹುದು, ಸಿಬ್ಬಂದಿಗೆ ತರಬೇತಿಯೂ ಬೇಕಾದೀತು. ಆದ್ದರಿಂದ ಒಂದು ಯಂತ್ರದಲ್ಲಿ ಪರೀಕ್ಷಿಸಿ, ಕಡತಗಳ ಪ್ರತಿ ತೆಗೆದಿರಿಸಿ, ನಂತರ ಉಳಿದವುಗಳಿಗೆ ವಿಸ್ತರಿಸುವುದು ಸೂಕ್ತ.