ಭೋಪಾಲದ ಕೇಸು ನ್ಯೂಯಾರ್ಕಿಗೆ ಹೋದಾಗ

ಹೋದ ತಿಂಗಳು ನಮ್ಮ ಅಕ್ಕನ ಮಗಳು ಹುಬ್ಬಳ್ಳಿಯಿಂದ ಪುಣೆಗೆ ಬಂದಿದ್ದಳು. ಎಲ್‌ಎಲ್‌ಬಿ ಮುಗಿಸಿದ್ದಾಳೆ. ವಿದೇಶಕ್ಕೆ ಹೋಗಿ ‘ಕಾನೂನು ಮತ್ತು ಅಭಿವೃದ್ಧಿ’ ಅನ್ನೋ ವಿಷಯದಲ್ಲಿ ಎಲ್‌ಎಲ್‌ಎಂ ಮಾಡಬೇಕಂತೆ. “ಮಾಮಾ, ಲೋನಿಗೆ ಜಾಮೀನು ನೀವೇ ಹಾಕಬೇಕು” ಅಂದಳು. ಅದರಲ್ಲಿ ಏನು ಓದ್ತಾರೆ ಅಂತ ಕೇಳಿದೆ. ಅವಳು ಹೇಳಿದ್ದು ಅರ್ಧ ಅರ್ಥವಾಯ್ತು. ಉಳಿದದ್ದನ್ನು ನಾನೇ ಹುಡುಕಿ ಓದಿದೆ.

ಈ ವಿಷಯ ಹುಟ್ಟಿದ್ದು 1960ರ ದಶಕದ ಅಮೆರಿಕದಲ್ಲಿ. ಅಲ್ಲಿನ ಕಾನೂನು ಪ್ರಾಧ್ಯಾಪಕರು ಫೋರ್ಡ್ ಫೌಂಡೇಶನ್ ಮತ್ತು ಯುಎಸ್‌ಏಡ್ ದುಡ್ಡಿನಲ್ಲಿ ಲ್ಯಾಟಿನ್ ಅಮೆರಿಕ, ಆಫ್ರಿಕಾಗಳಿಗೆ ಹೊರಟರು. ನಮ್ಮ ಥರ ಕಾನೂನು ಕಲಿಸಿದರೆ ಬಡ ದೇಶಗಳೂ ಮುಂದೆ ಬರುತ್ತವೆ ಅನ್ನೋದು ಅವರ ನಂಬಿಕೆ. ಆದರೆ ಬ್ರೆಜಿಲ್‌ನಲ್ಲಿ 1964ರಲ್ಲಿ, ಚಿಲಿಯಲ್ಲಿ 1973ರಲ್ಲಿ ಸೇನೆ ಅಧಿಕಾರ ಹಿಡಿಯಿತು. ಕಾನೂನಿನ ಜಾಣತನ ಸರ್ವಾಧಿಕಾರಿಗೂ ಕೆಲಸಕ್ಕೆ ಬರುತ್ತೆ ಅಂತ ಆಗ ಗೊತ್ತಾಯ್ತು. 1974ರಲ್ಲಿ ಡೇವಿಡ್ ಟ್ರೂಬೆಕ್ ಮತ್ತು ಮಾರ್ಕ್ ಗ್ಯಾಲಂಟರ್ ಒಂದು ಪ್ರಸಿದ್ಧ ಲೇಖನ ಬರೆದು, ನಮ್ಮ ದೇಶವನ್ನೇ ಅಳತೆಗೋಲು ಮಾಡಿಕೊಂಡಿದ್ದು ತಪ್ಪು ಅಂತ ಒಪ್ಪಿಕೊಂಡರು. ಕಟ್ಟಿದವರೇ ಬುನಾದಿ ಸರಿಯಿಲ್ಲ ಅಂದ ಹಾಗಾಯ್ತು!

ಗ್ಯಾಲಂಟರ್ ನಮಗೆ ಹೊರಗಿನವರಲ್ಲ. ಅಸ್ಪೃಶ್ಯತೆಯನ್ನು ತೆಗೆದುಹಾಕಿದ ಕಾನೂನು ನಿಜವಾಗಿ ಎಷ್ಟು ನಡೀತಿದೆ ಅಂತ ನೋಡೋಕೆ 1957ರಲ್ಲೇ ಭಾರತಕ್ಕೆ ಬಂದಿದ್ದವರು. ಮುಂದೆ ಭೋಪಾಲ ಅವರನ್ನು ಮತ್ತೆ ಎಳೆಯಿತು.

1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ವಿಷಾನಿಲ ಸಾವಿರಾರು ಜನರನ್ನು ಕೊಂದಿತು. ಕಂಪನಿಯ ಮೂಲ ಅಮೆರಿಕ, ಸತ್ತವರು ಭಾರತದವರು. ಕೋಡ್ ಒಂದು ದೇಶದ್ದು, ಸರ್ವರ್ ಇನ್ನೊಂದು ದೇಶದಲ್ಲಿ, ಸಿಸ್ಟಮ್ ಬಿದ್ದಾಗ ಟಿಕೆಟ್ ಯಾರದು ಅಂತ ನಾವು ಆಫೀಸಿನಲ್ಲಿ ಜಗಳ ಆಡ್ತೀವಲ್ಲ, ಪ್ರಶ್ನೆ ಅದೇ. ಆದರೆ ಇಲ್ಲಿ ಹೋಗಿದ್ದು ಜೀವ.

1985ರಲ್ಲಿ ಸಂತ್ರಸ್ತರ ಪರ ವಾದಿಸುವ ಅಧಿಕಾರವನ್ನೆಲ್ಲ ಸರ್ಕಾರ ಕಾನೂನು ಮಾಡಿ ತಾನೇ ತಗೊಂಡು ನ್ಯೂಯಾರ್ಕ್ ಕೋರ್ಟಿಗೆ ಹೋಯ್ತು. ಇಂಥ ದೊಡ್ಡ ಪ್ರಕರಣ ಭಾರತದ ಕೋರ್ಟುಗಳ ಕೈಲಿ ಆಗಲ್ಲ ಅಂತ ಸರ್ಕಾರದ ಪರ ಗ್ಯಾಲಂಟರ್ ಪ್ರಮಾಣಪತ್ರ ಕೊಟ್ಟರು. ಖಂಡಿತ ಆಗುತ್ತೆ ಅಂತ ಕಂಪನಿ ಪರ ಬರೆದುಕೊಟ್ಟವರು ನಮ್ಮ ನಾನಿ ಪಾಲ್ಖಿವಾಲಾ! 1986ರ ಮೇ ತಿಂಗಳಲ್ಲಿ ನ್ಯಾಯಾಧೀಶ ಕೀನನ್ ಕೇಸನ್ನು ಭಾರತಕ್ಕೇ ವಾಪಸ್ ಕಳಿಸಿದರು.

ಸರ್ಕಾರ ಕೇಳಿದ್ದು 300 ಕೋಟಿ ಡಾಲರ್‌ಗಿಂತ ಹೆಚ್ಚು. 1989ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ರಾಜಿಯಾಗಿದ್ದು 47 ಕೋಟಿ ಡಾಲರ್‌ಗೆ. ಆ ಪೀಠದಲ್ಲಿ ನಮ್ಮ ಕನ್ನಡಿಗರಾದ ಇ.ಎಸ್. ವೆಂಕಟರಾಮಯ್ಯ, ಎಂ.ಎನ್. ವೆಂಕಟಾಚಲಯ್ಯ ಇಬ್ಬರೂ ಇದ್ದರು. 1991ರ ಮರುಪರಿಶೀಲನೆಯಲ್ಲಿ ಮುಖ್ಯ ತೀರ್ಪು ಬರೆದವರು ವೆಂಕಟಾಚಲಯ್ಯನವರೇ. ಹಣದ ಮೊತ್ತ ಬದಲಾಗಲಿಲ್ಲ, ಕೈಬಿಟ್ಟಿದ್ದ ಕ್ರಿಮಿನಲ್ ಕೇಸುಗಳು ಮಾತ್ರ ಮತ್ತೆ ಜೀವ ಪಡೆದವು.

ನನಗೆ ಹೊಟ್ಟೆ ಉರಿದದ್ದು ಒಂದೇ ವಿಷಯಕ್ಕೆ. ರಾಜಿಗೆ ಮೊದಲು ಭೋಪಾಲದ ಜನರನ್ನು ಯಾರೂ ಕೇಳಲಿಲ್ಲ. ಅಮೆರಿಕದ ಪ್ರಾಧ್ಯಾಪಕರು 1974ರಲ್ಲಿ ಒಪ್ಪಿಕೊಂಡ ತಪ್ಪನ್ನೇ ನಾವು ಇಲ್ಲಿ ನಮ್ಮವರ ಮೇಲೆ ಮಾಡಿದೆವು. ನಿಮ್ಮ ಒಳ್ಳೇದು ನಮಗೆ ಗೊತ್ತು, ನೀವು ಸುಮ್ಮನಿರಿ ಅನ್ನೋ ತಪ್ಪು.

ಜಾಮೀನಿಗೆ ಸಹಿ ಹಾಕಿದ್ದೇನೆ. “ಓದಿ ದೊಡ್ಡ ಸಂಸ್ಥೆ ಸೇರು, ಬೇಡ ಅನ್ನಲ್ಲ. ಆದರೆ ಯಾರ ಪರ ಬರೀತೀಯೋ ಅವರನ್ನ ಮೊದಲು ಹೋಗಿ ಮಾತಾಡಿಸು” ಅಂದೆ. “ಆಗಲಿ ಮಾಮಾ” ಅಂದಳು. ನೋಡೋಣ.