ಏಳನೆಯ ಸ್ವರದ ವ್ಯಾಜ್ಯ



ಕನ್ನಡ ವ್ಯಾಕರಣವನ್ನು ಬೋಧಿಸಿ ನಿವೃತ್ತನಾದ ನಾನು ಗಿಟಾರಿನ ವಿಷಯವೆತ್ತುವುದು ಅಧಿಕಪ್ರಸಂಗವೆನಿಸಬಹುದು. ಇದಕ್ಕೆ ಕಾರಣಳು ನನ್ನ ಮೊಮ್ಮಗಳು. ಒಂದು ಸಂಜೆ ಅವಳು 'ಜಿ' ಎಂಬ ಸ್ವರಗುಚ್ಛವನ್ನು ನುಡಿಸಿದಳು. ಬಳಿಕ ಮೊದಲ ತಂತಿಯನ್ನು ಮೂರನೆಯ ಮೆಟ್ಟಿನ ಬದಲು ಒಂದನೆಯ ಮೆಟ್ಟಿನಲ್ಲಿ ಒತ್ತಿ 'ಜಿ ಸೆವೆನ್' ನುಡಿಸಿದಳು. ಮೊದಲನೆಯದು ನೆಮ್ಮದಿಯಾಗಿ ಕುಳಿತಿತ್ತು. ಎರಡನೆಯದು ಎದ್ದು ಹೊರಡಲು ತವಕಿಸುತ್ತಿತ್ತು. "ಬೆರಳಿಡುವುದು ಗೊತ್ತು ತಾತ, ಯಾಕೆ ಹೀಗೆಂದು ಗೊತ್ತಿಲ್ಲ" ಎಂದಳು.

ನಮ್ಮ ಶಂಕರಾಭರಣದ ಏಳು ಸ್ವರಗಳೇ ಪಾಶ್ಚಾತ್ಯರ ಮೇಜರ್ ಸ್ಕೇಲಿನ ಸ್ವರಗಳು. ಅವುಗಳಲ್ಲಿ ಒಂದನ್ನು ಬಿಟ್ಟು ಒಂದನ್ನು ಆರಿಸಿದರೆ ಸ, ಗ, ಪ ಎಂಬ ಮೂರರ ಗುಚ್ಛ. ಇನ್ನೊಂದು ಹೆಜ್ಜೆಯಿಟ್ಟು 'ನಿ'ಯನ್ನು ಸೇರಿಸಿದರೆ ಏಳನೆಯ ಸ್ವರದ ಗುಚ್ಛ. ಹೀಗೆ ಏಳು ಸ್ವರಗಳ ಮೇಲೂ ಕಟ್ಟಬಹುದು. ಆದರೆ ಪಂಚಮದ ಮೇಲೆ ಕಟ್ಟಿದ ಪ, ನಿ, ರಿ, ಮ ಎಂಬುದಕ್ಕೆ ಜೊತೆಯಿಲ್ಲ. ಗಿಟಾರಿನ ಮೆಟ್ಟುಗಳಲ್ಲಿ ಎಣಿಸಿದರೆ ಅದರ ಅಂತರ ನಾಲ್ಕು, ಮೂರು, ಮೂರು. ಉಳಿದ ಆರರಲ್ಲಿ ಯಾವುದಕ್ಕೂ ಈ ಅಳತೆಯಿಲ್ಲ. ಅದರೊಳಗಿನ 'ನಿ' ಮೇಲಿನ ಷಡ್ಜಕ್ಕೂ 'ಮ' ಕೆಳಗಿನ ಗಾಂಧಾರಕ್ಕೂ ಎಳೆಯುತ್ತವೆ. ಮೊಮ್ಮಗಳು ಕೇಳಿದ ತವಕ ಇದೇ.

ಈ ಏಳನೆಯ ಸ್ವರದ ಮೇಲೆ ಇಟಲಿಯಲ್ಲಿ ದೊಡ್ಡ ವ್ಯಾಜ್ಯವೇ ನಡೆಯಿತು. ಕರ್ಕಶ ಸ್ವರವನ್ನು ಮೊದಲು ಇಂಪಾದ ಮೇಳದಲ್ಲಿ ಕೇಳಿಸಿ, ಹಿಡಿದು ನಿಲ್ಲಿಸಿ, ಅನಂತರ ಒಂದು ಹೆಜ್ಜೆ ಇಳಿಸಬೇಕೆಂಬುದು ಹಳೆಯ ನಿಯಮ. ಮಾಂಟುವಾ ಆಸ್ಥಾನದ ಕ್ಲಾಡಿಯೋ ಮಾಂಟೆವೆರ್ದಿ 'ಕ್ರೂಡಾ ಅಮರಿಲ್ಲಿ' ಎಂಬ ವಿರಹಗೀತೆಯಲ್ಲಿ ಆ ಸಿದ್ಧತೆಯಿಲ್ಲದೆ ಅಂಥ ಸ್ವರಗಳನ್ನು ಹಾಡಿಸಿದನು. ಬೊಲೋನ್ಯಾದ ಪಾದ್ರಿ ಅರ್ತೂಸಿ 1600ರಲ್ಲಿ ಒಂದು ಗ್ರಂಥವನ್ನೇ ಬರೆದು, ಕರ್ತೃವಿನ ಹೆಸರೆತ್ತದೆ, ಇವು ತಪ್ಪುಗಳೆಂದು ಖಂಡಿಸಿದನು. ಆ ಗೀತೆಯು 1605ರಲ್ಲಿ ಅಚ್ಚಾಯಿತು. 1607ರಲ್ಲಿ ಮಾಂಟೆವೆರ್ದಿಯ ತಮ್ಮ ಅಣ್ಣನ ಪರವಾಗಿ ವಾದಿಸಿದನು: ಇಲ್ಲಿ ಮಾತೇ ಒಡತಿ, ಮೇಳ ಅದನ್ನು ಅನುಸರಿಸಬೇಕು ಎಂಬುದು ಅವನ ವಾದದ ತಿರುಳು.

ಅದೇ ಕಾಲದ ಇಟಲಿಯಲ್ಲಿ ಗಿಟಾರಿಗೆ ಐದು ಜೊತೆ ತಂತಿಗಳಿದ್ದವು. ಒಂದೊಂದು ಗುಚ್ಛಕ್ಕೂ ಒಂದೊಂದು ಅಕ್ಷರವನ್ನು ಗುರುತಾಗಿಟ್ಟು ನುಡಿಸುವ ಪದ್ಧತಿಯ ಪುಸ್ತಕವನ್ನು ಮಾಂಟೆಸಾರ್ದೋ 1606ರಲ್ಲಿ ಫ್ಲಾರೆನ್ಸಿನಲ್ಲಿ ಮುದ್ರಿಸಿದನು. ಅಕ್ಷರ ಕಂಡರೆ ಬೆರಳು ತಾನಾಗಿ ಹೋಗಿ ಕೂರುತ್ತಿತ್ತು, ನಮ್ಮ ಹುಡುಗಿಯದರಂತೆಯೇ. ಗುಚ್ಛಗಳೆಲ್ಲ ಒಂದು ಮೂಲಸ್ವರದ ಮೇಲೆ ಒಂದು ಬಿಟ್ಟೊಂದರಂತೆ ಬೆಳೆಯುತ್ತವೆಂಬ ವಿವರಣೆಗೆ ಶಾಸ್ತ್ರದ ಸ್ಥಾನವನ್ನು ಕೊಟ್ಟ ರಾಮೋನ ಗ್ರಂಥ ಪ್ಯಾರಿಸ್ಸಿನಲ್ಲಿ ಪ್ರಕಟವಾದುದು 1722ರಲ್ಲಿ. ಬೆರಳು ಮತ್ತು ಕಿವಿ ಮುಂದೆ ಹೋದವು. ಸೂತ್ರ ಹಿಂದೆ ಬಂದಿತು.

ನಮ್ಮ ಕೇಶಿರಾಜನೂ ಹದಿಮೂರನೆಯ ಶತಮಾನದಲ್ಲಿ ಕವಿಪ್ರಯೋಗಗಳನ್ನು ಮುಂದಿಟ್ಟುಕೊಂಡೇ ಶಬ್ದಮಣಿದರ್ಪಣದ ಸೂತ್ರಗಳನ್ನು ರಚಿಸಿದನಷ್ಟೆ. ಇದನ್ನು ಮೂವತ್ತು ವರ್ಷ ಪಾಠ ಹೇಳಿದ ನಾನು, ಒಮ್ಮೆ ವಿದ್ಯಾರ್ಥಿಯೊಬ್ಬ ತನ್ನ ಊರಿನ ಆಡುಮಾತಿನ ಕ್ರಿಯಾಪದವನ್ನು ಕವಿತೆಯಲ್ಲಿ ಬಳಸಿದಾಗ ಕೆಂಪು ಶಾಯಿಯಿಂದ ಹೊಡೆದುಹಾಕಿದೆ. ಅವನು ಮತ್ತೆಂದೂ ನನ್ನ ಬಳಿಗೆ ಕವಿತೆ ತರಲಿಲ್ಲ. ಸೂತ್ರ ಮೀರಿದವರೆಲ್ಲರೂ ಮಾಂಟೆವೆರ್ದಿಗಳಲ್ಲ, ನಿಜ. ಆದರೆ ಹೊಡೆಯುವ ಮುನ್ನ ಆ ಸಾಲನ್ನು ಒಮ್ಮೆ ಗಟ್ಟಿಯಾಗಿ ಓದಿ ಕೇಳಬಹುದಿತ್ತು.

ಮೊಮ್ಮಗಳಿಗೆ ಪ, ನಿ, ರಿ, ಮ ಎಂದು ಎಣಿಸಿ ತೋರಿಸಿದೆ. ಅವಳು ತಂತಿ ಮೀಟಿ, ಪಂಚಮದ ಗುಚ್ಛದಿಂದ ಷಡ್ಜದ ಗುಚ್ಛಕ್ಕೆ ಇಳಿದು, "ಮನೆಗೆ ಬಂತು ತಾತ" ಎಂದಳು.